ಆಕಾಶಕ್ಕೆ ಹೋಗಿ ಬರುವ ಮಾತು

ನಮ್ಮ ಮಾವನಿಗೆ ನೀವು ಇವತ್ತು "ಊಟ ಆಯ್ತಾ" ಎಂದು ಕೇಳಿದರೆ ಉತ್ತರ ಇವತ್ತೇ ಬರುತ್ತದೆ. ಅಷ್ಟರ ಮಟ್ಟಿಗೆ ನಾನು ಭರವಸೆ ಕೊಡಬಲ್ಲೆ. ಆದರೆ ಕೇಳಿದ ಕೂಡಲೇ ಬರುತ್ತದೆ ಎಂದುಕೊಂಡರೆ ಅದು ನಿಮ್ಮ ತಪ್ಪು. ನಿಮ್ಮ ಪ್ರಶ್ನೆ ಮೊದಲು ತೆಕ್ಕಟ್ಟೆಯ ಅವರ ಜಗಲಿಯಿಂದ ಹೊರಟು, ತೆಂಗಿನ ಮರ ದಾಟಿ, ಮೋಡ ದಾಟಿ, ಮೂವತ್ತಾರು ಸಾವಿರ ಕಿಲೋಮೀಟರು ಮೇಲೆ ನಿಂತಿರುವ ಒಂದು ಉಪಗ್ರಹವನ್ನು ಮುಟ್ಟಿ, ಅಲ್ಲಿಂದ ಕೆಳಗಿಳಿದು, ನಿಮ್ಮಿಂದ ಎರಡಡಿ ದೂರದಲ್ಲಿ ಕಾಲು ಚಾಚಿ ಕುಳಿತ ಮಾವನ ಕಿವಿಗೆ ಬೀಳಬೇಕು. ಅಲ್ಲಿಯವರೆಗೆ ಅವರು ನಿಮ್ಮ ಮುಖವನ್ನೇ ನೋಡುತ್ತ ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸುತ್ತಿರುತ್ತಾರೆ. ಆಮೇಲೆ "ಆಯ್ತ್" ಎನ್ನುತ್ತಾರೆ. ಹೊಸಬರು ಅಷ್ಟರೊಳಗೆ "ಇವ್ರಿಗೆ ಕಿವಿ ಕೇಂತಿಲ್ಲ ಕಾಣತ್" ಎಂದುಕೊಂಡು ಇನ್ನೊಮ್ಮೆ ಜೋರಾಗಿ ಕೇಳಿರುತ್ತಾರೆ. ಆಗ ಎಣಿಕೆ ಮತ್ತೆ ಒಂದರಿಂದ ಶುರು.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಸೈನ್ಯದಲ್ಲಿ ಸಂಪರ್ಕದ ಕೆಲಸ ಮಾಡಿ ನಿವೃತ್ತರಾಗಿ ಬಂದವರು. ಉತ್ತರದ ಹಿಮದ ಬೆಟ್ಟಗಳಲ್ಲಿ, ಉಪಗ್ರಹದ ಮೂಲಕ ಮಾತು ಸಾಗಿಸುವ ಯಂತ್ರದ ಮುಂದೆ ಅವರ ಪ್ರಾಯವೆಲ್ಲ ಕಳೆದಿದೆ. ಊರಿಗೆ ಅವರು "ಮಿಲ್ಟ್ರಿಯವ್ರ್". ನನಗೆ ಅವರ ವಿಷಯ ಹೇಳಿ ನಗುವ ಹಕ್ಕಿದೆ, ಏಕೆಂದರೆ ಆ ಉಪಗ್ರಹದ ಋಣ ನಮ್ಮ ಕುಟುಂಬದಲ್ಲಿ ಎಲ್ಲರಿಗಿಂತ ಹೆಚ್ಚು ಇರುವುದು ನನ್ನ ಮೇಲೆ.

ಅದು ಹೇಗೆಂದು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ನಾನು ಉಗ್ಗುತ್ತಿದ್ದೆ. ಬಾರ್ಕೂರಿನ ನಮ್ಮ ಮನೆ ತುಂಬ ಜನ, ಎಲ್ಲರೂ ಒಳ್ಳೆಯವರು, ಒಬ್ಬರಿಗೂ ಕಾಯುವ ಸಹನೆಯಿಲ್ಲ. ಊಟಕ್ಕೆ ಕೂತು ನಾನು "ಉ... ಉ..." ಎನ್ನುವಷ್ಟರಲ್ಲಿ ಅಮ್ಮ ಉಪ್ಪಿನಕಾಯಿ ಬಡಿಸಿ ಆಗಿರುತ್ತಿತ್ತು. ನನಗೆ ಬೇಕಾಗಿದ್ದದ್ದು ಉಪ್ಪು. ಅದನ್ನು ಹೇಳಬೇಕಾದರೆ ಮತ್ತೆ ಅದೇ "ಉ" ಹತ್ತಬೇಕು. ಅದಕ್ಕಿಂತ ಉಪ್ಪಿನಕಾಯಿಯೇ ವಾಸಿ ಎಂದು ತಿಂದು ಏಳುತ್ತಿದ್ದೆ. ಶಾಲೆಯಲ್ಲಿ ಹಾಜರಿ ಕೂಗಿದರೆ ನನ್ನ ಪರವಾಗಿ ಪಕ್ಕದವಳು ಉತ್ತರ ಕೊಡುತ್ತಿದ್ದಳು. ಎಂಟನೇ ವಯಸ್ಸಿಗೆ ನಾನೊಂದು ತೀರ್ಮಾನಕ್ಕೆ ಬಂದಿದ್ದೆ: ಇನ್ನು ಮಾತೇ ಆಡುವುದಿಲ್ಲ, ತಲೆ ಅಲ್ಲಾಡಿಸಿಕೊಂಡು ಬದುಕುತ್ತೇನೆ. ಹಸು ಎಮ್ಮೆಗಳು ಬದುಕುವುದಿಲ್ಲವೇ?

ಆ ವರ್ಷ ಮಾವ ರಜೆಗೆ ಬಂದಾಗ ಪೂರ್ತಿ ಬದಲಾಗಿದ್ದರು. ಹಿಂದಿನ ರಜೆಯಲ್ಲಿ ಹುರಿಗಡಲೆ ಹಾರಿದ ಹಾಗೆ ಪಟಪಟ ಮಾತಾಡುತ್ತಿದ್ದ ಮನುಷ್ಯ, ಈಗ ಯಾರು ಏನು ಕೇಳಿದರೂ ಎರಡೆಣಿಸಿ ಉತ್ತರ ಕೊಡುತ್ತಿದ್ದರು.

"ಎಂತ ಆಯ್ತಾ ನಿಂಗೆ? ಹುಷಾರಿತ್ತಾ?" ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು.

ಒಂದು. ಎರಡು.

"ಎಂತದೂ ಆಯ್ಲಿಲ್ಲ ಅಕ್ಕಾ. ಹೊಸ ಮಿಷಿನ್ ಮೇಲೆ ಕೂರ್ಸಿರ್. ಮಾತ್ ಮೇಲ್ ಹೋಯಿ ಕೆಳ್ಗ್ ಬಪ್ಕೆ ಹೊತ್ ಬೇಕ್. ಅದ್ರೊಳ್ಗೆ ನಾವ್ ಬಾಯ್ ಹಾಕ್ರೆ ಇಬ್ರ್ ಮಾತೂ ಹಾಳ್. ಕಾದ್ ಕಾದ್ ಅದೇ ರೂಢಿ ಆಯಿತ್."

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಸೈನ್ಯದ ಇನ್ನೊಂದು ಪದ್ಧತಿಯನ್ನೂ ಅವರು ಬಾರ್ಕೂರಿಗೆ ತಂದಿದ್ದರು. ಮಾತು ಮುಗಿಸಿದವರು "ಓವರ್" ಎನ್ನಬೇಕು, ಅದು ಕಿವಿಗೆ ಬೀಳುವವರೆಗೆ ಇನ್ನೊಬ್ಬರು ತುಟಿ ಬಿಚ್ಚಬಾರದು. ಊಟದ ಹೊತ್ತಿಗೆ ಇದೇ ಕಾನೂನು. ಮೊದಲ ದಿನ ನಾನು "ಉ..." ಎಂದೆ. ಅಮ್ಮ ಉಪ್ಪಿನಕಾಯಿ ಭರಣಿಗೆ ಕೈ ಹಾಕಿದಳು. ಮಾವ ಅಂಗೈ ಎತ್ತಿ ತಡೆದರು. ಗಂಜಿ ಆರಿತು, ಚಟ್ನಿ ಒಣಗಿತು, ಬೆಕ್ಕು ಬಂದು ಒಂದು ಸುತ್ತು ಹಾಕಿ ಹೋಯಿತು. ಕೊನೆಗೆ "ಉಪ್ಪು. ಓವರ್" ಎಂದೆ. ಒಂದು, ಎರಡು. ಮಾವ ಉಪ್ಪಿನ ಮರಿಗೆಯನ್ನು ನನ್ನತ್ತ ಸರಿಸಿ ತಮ್ಮ ಊಟ ಮುಂದುವರಿಸಿದರು. ಅವತ್ತು ನಾನು ಬೇಕಾದದ್ದಕ್ಕಿಂತ ಹೆಚ್ಚೇ ಉಪ್ಪು ತಿಂದೆ.

ಹೀಗೆ ನನಗೆ ಮಾತು ಬಂದದ್ದು. ಒಂದೇ ದಿನದಲ್ಲಲ್ಲ, ಎಷ್ಟೋ ರಜೆಗಳಲ್ಲಿ. ಈಗ ನಾನು ಬೈಂದೂರಿನ ಕಾಲೇಜಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಇತಿಹಾಸ ಪಾಠ ಮಾಡುತ್ತೇನೆ. ಇವಳ ಬಾಯಿ ಯಾವಾಗ ನಿಲ್ಲುತ್ತದೋ ಎಂದು ಮಕ್ಕಳು ಗಡಿಯಾರ ನೋಡುತ್ತಾರೆ. ಅದಕ್ಕೆಲ್ಲ ಕಾರಣ ಆಕಾಶದಲ್ಲಿ ತನ್ನ ಪಾಡಿಗೆ ನಿಂತ ಆ ಉಪಗ್ರಹ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಅಂಗಳಕ್ಕೆ ಇಳಿದಾಗ ಒಮ್ಮೊಮ್ಮೆ ತಲೆ ಎತ್ತಿ ಮನಸ್ಸಿನಲ್ಲೇ ಕೈ ಮುಗಿದದ್ದೂ ಇದೆ.

ಇತ್ತ ಮಾವನ ಎರಡೆಣಿಕೆ ಊರಿಗೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ತೆಕ್ಕಟ್ಟೆಯಲ್ಲಿ ಮೀನು ಮಾರುವ ಅಕ್ಕನೊಬ್ಬಳಿದ್ದಾಳೆ. ಅವಳ ಎದುರು ಹೋಗಿ ನಿಂತರೆ ಮಾವನಿಗೆ ಯುದ್ಧವಿಲ್ಲದೆ ಗೆಲುವು.

"ಹ್ವಾಯ್ ಮಿಲ್ಟ್ರಿಯವ್ರೆ, ಬಂಗ್ಡಿ ಕಾಣಿ, ಈಗಷ್ಟೇ ಬಂದದ್. ನೂರಕ್ಕೆ ಆರ್ ಕೊಡ್ಲಾ?"

ಮಾವ ಅವಳ ಮುಖ ನೋಡುತ್ತಾರೆ. ಒಂದು...

"ಆಯ್ತ್, ಏಳ್ ತಕಣಿ."

ಎಣಿಕೆ ತಪ್ಪಿತಲ್ಲ, ಮತ್ತೆ ಮೊದಲಿಂದ. ಒಂದು...

"ಎಂತ ಮನ್ಸ ಮಾರ್ರೆ ನೀವ್! ಎಂಟ್ ಹಾಕ್ತೆ, ಇನ್ ನಂಗ್ ಆತಿಲ್ಲ."

ಮತ್ತೆ ಒಂದು, ಎರಡು. "ಆರ್ ಸಾಕಿತ್ತ್" ಎನ್ನುತ್ತಾರೆ ಮಾವ. ಮೊದಲ ಪ್ರಶ್ನೆಯ ಉತ್ತರ ಆಗಷ್ಟೇ ಬಂದು ಮುಟ್ಟಿರುತ್ತದೆ. ಅವಳು ಎಂಟನ್ನೂ ಚೀಲಕ್ಕೆ ಸುರಿದು, ಇಷ್ಟು ಗಟ್ಟಿ ಗಿರಾಕಿಯನ್ನು ಕಂಡೇ ಇಲ್ಲ ಎಂದು ಪಕ್ಕದವಳಿಗೆ ಹೇಳುತ್ತಾಳೆ.

ಹೆದ್ದಾರಿ ಬದಿಯ ಹೋಟೆಲಿನದು ಇನ್ನೊಂದು ಕತೆ. ಮಾವ ಗಲ್ಲೆಯ ಮುಂದೆ ನಿಂತು, "ಎರಡ್ ಬನ್ಸ್, ಒಂದ್ ಚಾ, ಸಕ್ರಿ ಕಮ್ಮಿ" ಎಂದು ಹೇಳಿ, "ಈಗ ನೀವ್ ಹೇಳಿ" ಎಂದರು. "ಎಂತ ಹೇಳೂದ್ ಮಾರಾಯ್ರೆ?" ಎಂದರು ಯಜಮಾನರು. "ನಾ ಹೇಳದ್ದೇ ತಿರ್ಗಿ ಹೇಳಿ." ಯಜಮಾನರು ಪಾಪ, ಗ್ರಹಚಾರ ಎಂದುಕೊಂಡು ಹೇಳಿದರು. ಅದರಲ್ಲಿ ಸಕ್ಕರೆ ಕಮ್ಮಿ ಬಿಟ್ಟುಹೋಗಿತ್ತು. ಮಾವ ಇನ್ನೊಮ್ಮೆ ಹೇಳಿಸಿದರು.

ನಾನು ಪಕ್ಕದಲ್ಲಿದ್ದೆ, ಮಾನ ಹೋದಂತಾಗಿತ್ತು. ಬನ್ಸ್ ಮುರಿಯುತ್ತ ಮಾವ ಸಮಜಾಯಿಷಿ ಕೊಟ್ಟರು. ಬೆಟ್ಟದ ಮೇಲೆ ಸೈನಿಕನೊಬ್ಬನಿಗೆ ಉಸಿರು ಕಟ್ಟಿತೆನ್ನಿ. ಕೆಳಗಿನಿಂದ ಹೆಲಿಕಾಪ್ಟರು ಬರಬೇಕು. ತಂತಿ ಎಳೆದಿದ್ದರೆ ಹಿಮ ಜಾರಿ ತುಂಡಾಗಿರುತ್ತದೆ. ರೇಡಿಯೋದಲ್ಲಿ ಕೂಗಿದರೆ ನಡುವಿನ ಬೆಟ್ಟ ಅಡ್ಡ. ಎಲ್ಲರಿಗಿಂತ ಮೇಲೆ ನಿಂತ ಉಪಗ್ರಹಕ್ಕೆ ಮಾತ್ರ ಇವನೂ ಕಾಣುತ್ತಾನೆ, ಅವನೂ ಕಾಣುತ್ತಾನೆ. ಕೊಡೆಯಷ್ಟು ಅಗಲದ ತಟ್ಟೆಯ ಮೇಲಿನ ಹಿಮ ಗುಡಿಸಿ, ಅದನ್ನು ದಕ್ಷಿಣದ ಆಕಾಶಕ್ಕೆ ಸರಿಯಾಗಿ ತಿರುಗಿಸಿ, ಜಾಗದ ಅಂಕಿಗಳನ್ನು ಗುಟ್ಟಿನ ಸಂಕೇತದಲ್ಲಿ ಕಳಿಸಬೇಕು. ಕೇಳಿಸಿಕೊಂಡವನು ಅದನ್ನೇ ತಿರುಗಿ ಹೇಳಬೇಕು.

"ಒಂದ್ ಅಂಕಿ ತಪ್ರೆ ಹೆಲಿಕಾಪ್ಟರ್ ಬೇರೆ ಬೆಟ್ಟಕ್ಕೆ ಹೋತ್ ಮಗಾ. ಇವ ಇಲ್ಲೇ ಉಳಿತ."

"ಮಾವ, ಇಲ್ಲಿ ತಪ್ಪಿದ್ರೆ ಚಾ ಸಿಹಿ ಆತ್ತ್ ಅಷ್ಟೇ" ಎಂದೆ.

ಎರಡೆಣಿಸಿ, "ನಂಗೆ ಸಕ್ರಿ ಕಾಯ್ಲೆ ಇತ್ತಲೆ" ಎಂದರು. ನಾನು ಬಾಯಿ ಮುಚ್ಚಿಕೊಂಡು ಬನ್ಸ್ ತಿಂದೆ. ಈಗ ಆ ಯಜಮಾನರು ಬಂದ ಗಿರಾಕಿಗಳಿಗೆಲ್ಲ ತಿರುಗಿ ಒಪ್ಪಿಸುತ್ತಾರಂತೆ. ಅಲ್ಲಿ ಆರ್ಡರು ತಪ್ಪಿ ಬಂದದ್ದನ್ನು ನಾನು ಆಮೇಲೆ ಕಂಡಿಲ್ಲ.

ದಕ್ಷಿಣದ ಆಕಾಶ ಎಂದೆನಲ್ಲ, ಅದೇ ಕಾರಣಕ್ಕೆ ಮಾವ ಮನೆ ಕಟ್ಟಿಸುವಾಗ ದಕ್ಷಿಣಕ್ಕೆ ಒಂದು ಮರ ನೆಡಲಿಕ್ಕೂ ಬಿಡಲಿಲ್ಲ. ವಾಸ್ತು ನೋಡಲು ಬಂದವರು ದಕ್ಷಿಣ ಇಷ್ಟು ಖಾಲಿ ಇರಬಾರದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅವರ ಪ್ರಕಾರ ಮನೆಗೆ ಯಮ ಬಂದರೂ ಚಿಂತೆಯಿಲ್ಲ, ಸಿಗ್ನಲ್ಲು ಹೋಗಬಾರದು.

ಫೋನಿನಲ್ಲಿ ಎಲ್ಲಿದ್ದೇನೆಂದು ಹೇಳುವುದೂ ಅವರ ಕಾನೂನಿಗೆ ವಿರುದ್ಧ. ಗಾಳಿಯಲ್ಲಿ ಹೋಗುವ ಮಾತನ್ನು ಶತ್ರು ಕದ್ದು ಕೇಳುತ್ತಾನಂತೆ. ಒಮ್ಮೆ ಅತ್ತೆಯೂ ಅವರೂ ಹಟ್ಟಿಯಂಗಡಿಯ ದೇವಸ್ಥಾನಕ್ಕೆ ಹೋದವರು ಜನಸಂದಣಿಯಲ್ಲಿ ತಪ್ಪಿಸಿಕೊಂಡರು. ಅತ್ತೆ ಫೋನು ಮಾಡಿ, "ಎಲ್ಲಿದ್ರಿ?" ಎಂದು ಕೇಳಿದರೆ, ಎರಡೆಣಿಸಿ "ಗೊತ್ತಿದ್ ಜಾಗ್ದಲ್ಲೇ ಇದ್ದೆ" ಎಂಬ ಉತ್ತರ ಬಂತು. ಅತ್ತೆ ಊಟದ ಛತ್ರ ಹುಡುಕಿದಳು, ಕೆರೆ ಹುಡುಕಿದಳು, ಚಪ್ಪಲಿ ಬಿಡುವಲ್ಲಿ ನಿಂತಳು. ಕೊನೆಗೆ ಒಬ್ಬಳೇ ಬಸ್ಸು ಹತ್ತಿ ಮನೆಗೆ ಬಂದರೆ ಮಾವ ಜಗಲಿಯಲ್ಲಿ ಕುಳಿತಿದ್ದರು. ಗೊತ್ತಿದ್ದ ಜಾಗವೇ, ತಪ್ಪೇನಿಲ್ಲ.

ಈ ಅತ್ತೆ ಸಿಕ್ಕಿದ್ದೇ ಒಂದು ಪವಾಡ. ಮಾವ ಹೆಣ್ಣು ನೋಡಲು ನಾವುಂದಕ್ಕೆ ಹೋದಾಗ ನನಗೆ ಒಂಬತ್ತು ವರ್ಷ, ಅಮ್ಮನೂ ನಾನೂ ಜೊತೆಗಿದ್ದೆವು. ಅವಲಕ್ಕಿ, ಕಾಫಿ ಎಲ್ಲ ಆದಮೇಲೆ ಹುಡುಗಿಯ ಅಪ್ಪಯ್ಯ ನೇರವಾಗಿ, "ಹುಡ್ಗಿ ಒಪ್ಗಿ ಆಯ್ತಾ?" ಎಂದರು. ಮಾವ ನನ್ನ ಕಡೆಗೊಮ್ಮೆ ನೋಡಿ, ಎಣಿಸತೊಡಗಿದರು. ಅಂಥ ಪ್ರಶ್ನೆಗೆ ಎರಡೆಣಿಕೆ ಎಷ್ಟು ಉದ್ದವೆಂದು ಅವತ್ತು ಗೊತ್ತಾಯಿತು. ಹುಡುಗಿಯ ಅಪ್ಪಯ್ಯನ ಮುಖ ಕಪ್ಪಿಟ್ಟಿತು, ಅಮ್ಮ ನನ್ನ ತೊಡೆ ಚಿವುಟಿದಳು. ಇನ್ನು ಈ ಸಂಬಂಧ ಮುಗಿಯಿತೆಂದು ಆ ಮನೆಯವರು ನಮ್ಮ ಮುಂದಿನ ತಟ್ಟೆ ಎತ್ತಿಬಿಟ್ಟರು. ಆಮೇಲೆ ಮಾವ "ಒಪ್ಗಿ" ಎಂದಾಗ ಯಾರೂ ನಂಬಲಿಲ್ಲ. ನಂಬಿದವಳು ಒಳಗಿದ್ದ ಹುಡುಗಿ ಒಬ್ಬಳೇ.

"ಮಾತ್ ಪೂರಾ ಕೇಂಡ್ ಉತ್ರ ಕೊಡು ಗಂಡ್ಸ್ ಸಿಕ್ಕುದ್ ಎಲ್ಲಿ ಅಂದ್ಕಂಡೆ ಮಾರಾಯ್ತಿ" ಎನ್ನುತ್ತಾಳೆ ಅತ್ತೆ ಈಗ. "ಪೂರಾ ಕೇಂತ್ರ್, ಸುಳ್ಳ್ ಹೇಳುಕಾಗ. ಆರೆ ಜಗ್ಳ ಮಾಡೂಕೇ ಆತಿಲ್ಲ. ನಾ ಬೈದ್ ಮುಗ್ಸಿ, ಇವ್ರ್ ಎಣ್ಸಿ ಮುಗ್ಸೂದ್ರೊಳ್ಗೆ ಸಿಟ್ಟೇ ಇಳ್ದ್ ಹೋತ್."

ಹೀಗೆ ಮಾವನ ವಿಷಯ ಹೇಳಿ ನಗುತ್ತ ಇದ್ದ ನನಗೆ ಕಳೆದ ತಿಂಗಳು ಒಂದು ಭಾನುವಾರ ನಗು ನಿಂತುಹೋಯಿತು.

ಅವತ್ತು ನಾನು ತೆಕ್ಕಟ್ಟೆಗೆ ಹೋಗಿದ್ದೆ. ಒಳಗೆ ಅತ್ತೆಯ ಜೊತೆ ತೆಂಗಿನಕಾಯಿ ತುರಿಯುತ್ತಿದ್ದಾಗ ಜಗಲಿಯಲ್ಲಿ ಯಾರೋ ಇಬ್ಬರು ಗಂಡಸರ ಗಲಾಟೆ ಕೇಳಿತು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಶುರು. ಅರ್ಧ ಹಿಂದಿ, ಅರ್ಧ ಕನ್ನಡ, ನಡುನಡುವೆ ನಗು. ಒಂದು ದನಿ ಮಾವನ ಹಾಗೇ ಇತ್ತು, ಆದರೆ ಮಾವನದಾಗಿರಲು ಸಾಧ್ಯವಿರಲಿಲ್ಲ. ಅದು ಹುರಿಗಡಲೆ ಹಾರಿದ ಹಾಗೆ ಪಟಪಟ ಹಾರುತ್ತಿತ್ತು.

ಹೊರಗೆ ಬಂದು ನೋಡಿದರೆ ಮಾವನೇ. ಎದುರಿಗೆ ಧಾರವಾಡದ ಕಡೆಯ ಅವರ ಹಳೆಯ ಜೊತೆಗಾರರು, ಅದೇ ಬೆಟ್ಟದಲ್ಲಿ ಅದೇ ಯಂತ್ರದ ಮುಂದೆ ಪಾಳಿಯಲ್ಲಿ ಕೂತವರು. ಕೊಲ್ಲೂರಿಗೆ ಹೊರಟವರು ನೋಡಿ ಹೋಗಲು ಬಂದಿದ್ದರು. ನನ್ನನ್ನು ಕಂಡದ್ದೇ ತಡ, ಮಾವನ ಮಾತು ಅರ್ಧಕ್ಕೆ ನಿಂತಿತು.

"ಎಷ್ಟೊತ್ತಿಗೆ ಬಂದ್ರ್ ಇವ್ರ್?" ಎಂದು ಕೇಳಿದೆ.

ಒಂದು. ಎರಡು. "ಈಗಷ್ಟೇ" ಎಂದು ಹೇಳಿ, ಎಳನೀರು ತರುತ್ತೇನೆಂದು ಮಾವ ತೋಟಕ್ಕೆ ಇಳಿದರು.

ಬಂದವರು ನನ್ನನ್ನೇ ನೋಡುತ್ತಿದ್ದರು. "ಅಕ್ಕನ ಮಗಳು ನೀನ ಏನವಾ? ಮಾತಾಡ್ತೀಯಲ್ಲ ಚೊಲೋ" ಎಂದರು.

"ನಿಮ್ಮ ಹತ್ರ ಮಾವ ಎಣಿಸದೆ ಮಾತಾಡ್ತಾರಲ್ಲ? ಉಪಗ್ರಹದ ರೂಢಿ ಅಂತ ಹೇಳ್ತಿದ್ರು."

ಅವರು ನಕ್ಕರು. "ಯಾವ ರೂಢಿ? ಮಿಷಿನ್ ಮುಂದ ಎಲ್ಲಾರೂ ಕಾಯ್ತೇವಿ, ಎದ್ದು ಹೊರಗ ಬಂದ ಮ್ಯಾಲೆ ಯಾರು ಕಾಯ್ತಾರ? ನಾನೂ ಅಷ್ಟ ವರ್ಷ ಕುಂತೇನಿ, ನನಗ್ಯಾಕ ಬರ್ಲಿಲ್ಲ ಆ ರೂಢಿ? ನಿಮ್ಮ ಮಾವನ ಬಾಯಿಗಿ ಬ್ರೇಕ ಇದ್ದಿದ್ದಿಲ್ಲ. ಒಂದು ಸಲ ರಜಾ ಮುಗಿಸಿ ಬಂದಾಂವ, ಊಟದ ಕಡೆ ರೊಟ್ಟಿ ಬೇಕೇನೋ ಅಂದ್ರ ಒಂದು ಎರಡು ಎಣಸಾಕ ಹತ್ತಿದ. ಏನಾಗೇದೋ ಅಂತ ಕೇಳಿದ್ವಿ. ಅಕ್ಕನ ಮಗಳ ಮಾತು ತಡಾಗಿ ಬರ್ತದ, ಎಲ್ಲಾರೂ ಕಸಗೊಂಡು ತಾವ ಆಡಿಬಿಡ್ತಾರ, ನಾ ಕಾಯೂದು ಕಲೀತೇನಿ ಅಂದ. ಅಕಿ ಒಬ್ಬಾಕಿ ಜೋಡಿ ಕಾದ್ರ ಅಕಿಗಿ ತಿಳೀತದ, ಅದಕ್ಕ ಎಲ್ಲಾರ ಜೋಡಿನೂ ಕಾಯ್ಬೇಕು ಅಂದ. ಒಂದು ವರ್ಷ ನಮ್ಮ ಮ್ಯಾಲೆ ಪ್ರ್ಯಾಕ್ಟೀಸ್ ಮಾಡ್ಯಾನವಾ. ರೊಟ್ಟಿ ಆರಿ ಹೋಗ್ತಿದ್ದುವು."

ಮೀನಿನ ಅಕ್ಕ, ನಾವುಂದದ ಆ ತಟ್ಟೆ, ಎಣಿಸುವ ಮೊದಲು ನನ್ನ ಕಡೆ ನೋಡಿದ ಆ ಒಂದು ನೋಟ, ಎಲ್ಲ ಒಟ್ಟಿಗೆ ನೆನಪಾಯಿತು. ಒಬ್ಬ ಮಾತುಗಾರ ಇಪ್ಪತ್ತೇಳು ವರ್ಷ ಊರಿಗೆಲ್ಲ ಪೆದ್ದನ ಹಾಗೆ ಕಾಣಿಸಿಕೊಂಡದ್ದು ನನಗೊಂದು ಶಬ್ದ ಪೂರ್ತಿ ಮಾಡಲು ಜಾಗ ಸಿಗಲೆಂದು. ನಾನೋ, ಕೈ ಮುಗಿದದ್ದು ಆಕಾಶಕ್ಕೆ.

ಮಾವ ಎಳನೀರು ಹಿಡಿದು ಮೆಟ್ಟಿಲು ಹತ್ತಿದರು. ನಾನು ಮಾತಾಡಲು ಬಾಯಿ ತೆರೆದೆ. "ಮಾವ, ನಿ... ನಿ..." ಎಷ್ಟೋ ವರ್ಷಗಳಿಂದ ಬಿಟ್ಟುಹೋಗಿದ್ದ ಉಗ್ಗು ಅದೇ ಹೊತ್ತಿಗೆ ತಿರುಗಿ ಬಂತು. ಧಾರವಾಡದವರು ಪಾಪ, ನನಗೆ ಸಹಾಯ ಮಾಡಲು ಏನೋ ಹೇಳಹೊರಟರು. ಮಾವ ಅವರತ್ತ ತಿರುಗಿಯೂ ನೋಡದೆ ಅಂಗೈ ಎತ್ತಿ ತಡೆದರು. ಮೂವರೂ ನಿಂತಿದ್ದೆವು. ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು.

"ನಿಮ್ಮಿಂದ ನಾ ಮಾತಾಡ್ತೆ ಮಾವ" ಎಂದೆ. "ಓವರ್."

ಒಂದು. ಎರಡು. ಮಾವ ಕೈಯಲ್ಲಿದ್ದ ಎಳನೀರನ್ನು ನೋಡುತ್ತಿದ್ದರು. ಮೂರಾಯಿತು, ನಾಲ್ಕಾಯಿತು, ಉತ್ತರ ಬರಲಿಲ್ಲ. ನಾನು ಕಾದೆ.