ನಾರಾಯಣಪುರದ ನೂರು ಗ್ರಾಂ ಮಣ್ಣು

ನೂರು ಗ್ರಾಂ ಮಣ್ಣು ಒಣಗಿಸುವುದು ಇಷ್ಟು ಫಜೀತಿಯ ಕೆಲಸ ಎಂದು ಯಾರಾದರೂ ಮೊದಲೇ ಹೇಳಿದ್ದರೆ, ಸಂಘರತ್ನ ಹುಮನಾಬಾದಿನ ಆ ಮಣ್ಣು ಪರೀಕ್ಷೆಯ ಲ್ಯಾಬಿಗೆ ಸೇರದೆ ಎಲ್ಲಾದರೂ ಪಾನ್ ಡಬ್ಬಾ ಹಾಕಿಕೊಂಡಿರುತ್ತಿದ್ದ.

ಹಾಗೆ ನೋಡಿದರೆ ಕೆಲಸ ಸಾದಾ. ಬಸವಕಲ್ಯಾಣದ ಆಚೆ ನಾರಾಯಣಪುರದ ಹೊಸ ರಸ್ತೆಗೆ ಹಾಕುವ ಕೆಂಪು ಮಣ್ಣನ್ನು ತೂಗಿ, ಓವನ್ನಿನಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಬೇಕು. ಕಡಿಮೆಯಾದಷ್ಟೂ ನೀರು ಎಂದು ಲೆಕ್ಕ. ತೂಕ ಇಳಿಯುವುದು ನಿಂತ ಮೇಲೆ ವರದಿ ಬರೆಯಬೇಕು. ಅವನ ಹಿಂದಿನ ಎರಡು ವರದಿ ತಪ್ಪಿದ್ದವು. ಮೂರನೆಯದು ಸರಿಯಾದರೆ ಮಾತ್ರ ನೌಕರಿ ಪರ್ಮನೆಂಟ್ ಎಂದು ಲ್ಯಾಬಿನ ಮುಖ್ಯಸ್ಥೆ ವರ್ಷಾ ಮೇಡಂ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

ಹಿಂದಿನ ದಿನ ಓವನ್ನಿಗೆ ಇಟ್ಟ ನೂರು ಗ್ರಾಂ ಮುಂಜಾನೆ ಹತ್ತಕ್ಕೆ ತೂಗಿದಾಗ ಎಂಬತ್ತೆಂಟು ಗ್ರಾಂ. ಸಂಘರತ್ನ ಖುಷಿಯಾದ. ಖಾತ್ರಿಗೆಂದು ಹನ್ನೊಂದಕ್ಕೆ ತೂಗಿದ, ಎಂಬತ್ತೆರಡು. ಹನ್ನೆರಡಕ್ಕೆ ಎಪ್ಪತ್ತೈದು.

ಚಹಾ ತಂದ ಜವಾನ ಸೈಫುದ್ದೀನ್ ತೂಕದ ಯಂತ್ರವನ್ನು ಎರಡು ಸಲ ಗುದ್ದಿ, ಇದೆಲ್ಲ ಗಾಳಿಯ ಕರಾಮತ್ತು ಎಂದು ಫ್ಯಾನು ಆರಿಸಿದ. ಎಲ್ಲರೂ ಬೆವರಿದ್ದಷ್ಟೇ ಬಂತು. ಕಸ ಗುಡಿಸುವ ಗಯಾಬಾಯಿ ಇದು ದೃಷ್ಟಿಯೇ ಸೈ ಎಂದು ಓವನ್ನಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಚಹಾದ ಸ್ಟೋವಿನ ಮೇಲೆ ಸುಟ್ಟಳು. ಆ ಘಾಟಿಗೆ ಮೂವರೂ ಕೆಮ್ಮುತ್ತ ಒಂದೊಂದು ದಿಕ್ಕಿಗೆ ಓಡಿದರು. ಮರಳಿ ಬಂದು ತೂಗಿದರೆ ಅರವತ್ತಾರು.

"ಇದು ಮಣ್ಣಲ್ರೀ ಭಾಯಿ, ಕೆರಿ," ಎಂದ ಸೈಫುದ್ದೀನ್.

ಆಮೇಲೆ ಗಯಾಬಾಯಿಗೆ ಸೈಫುದ್ದೀನನ ಮೇಲೆ, ಸೈಫುದ್ದೀನನಿಗೆ ಗಯಾಬಾಯಿಯ ಮೇಲೆ ಗುಮಾನಿ ಬಂತು. ಮಣ್ಣು ಕದ್ದು ಮಾಡುವುದೇನು ಎಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಸಂಘರತ್ನ ಇಬ್ಬರನ್ನೂ ಹೊರಗೆ ಹಾಕಿ, ಕೋಣೆಗೆ ಬೀಗ ಜಡಿದು, ಕಣ್ಣುಮುಚ್ಚಿ ನಂಬಬಹುದಾದ ಒಬ್ಬರೇ ಒಬ್ಬರ ಕೈಗೆ ಕೀಲಿ ಕೊಟ್ಟ. ವರ್ಷಾ ಮೇಡಂ ಬೇಡವೆನ್ನದೆ ಇಸಿದುಕೊಂಡರು.

ನಾಲ್ಕಕ್ಕೆ ಕೀಲಿ ತಂದು, ಬಾಗಿಲು ತೆರೆದು ತೂಗಿದ. ಐವತ್ತು! ಉಳಿದ ಮಣ್ಣೆಷ್ಟೋ ಹೋದ ನೀರೂ ಅಷ್ಟೇ. ಈ ವರದಿ ನಂಬಿದರೆ ನಾರಾಯಣಪುರಕ್ಕೆ ಬಸ್ಸಿನ ಬದಲು ದೋಣಿ ಬಿಡಬೇಕಿತ್ತು.

ಹೇಗೂ ನೌಕರಿ ಹೋಯಿತು, ತಾನೇ ಹೋಗಿ ಹೇಳಿಬಿಡುವುದು ಮೇಲು ಎಂದು ಅವನು ಮೇಡಂ ಕೋಣೆಗೆ ಬಾಗಿಲು ಬಡಿಯದೆಯೇ ನುಗ್ಗಿದ. ಮೇಡಂ ಮೇಜಿನ ಖಾನೆಯಲ್ಲಿದ್ದ ಪೊಟ್ಟಣದಿಂದ ಒಂದು ಹೆಂಟೆ ಕೆಂಪು ಮಣ್ಣು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ನೀವೇನ್ರೀ ಮೇಡಂ?"

ಮೇಡಂ ನಾಚಿ, ಬಾಗಿಲು ಹಾಕಿಸಿದರು. "ಎರಡನೇ ತಿಂಗಳು ನಡದದ ಸಂಘರತ್ನ. ಬಿಸಿ ಮಣ್ಣಿನ ವಾಸನಿ ಬಂದ್ರ ತಡ್ಕೊಳ್ಳಾಕ ಆಗವಲ್ದು. ಮೂರು ತುಂಬೋತನಾ ಯಾರ ಮುಂದೂ ಹೇಳಬ್ಯಾಡಂತ ನಮ್ಮತ್ತಿಯವರು ಹೇಳ್ಯಾರ."

ಸಂಘರತ್ನನಿಗೆ ಹೋದ ಜೀವ ಬಂದಂತಾಯಿತು. ತನ್ನ ತಪ್ಪಿಲ್ಲವೆಂದು ಗೊತ್ತಾಯಿತಲ್ಲ, ಇನ್ನು ಪರ್ಮನೆಂಟ್ ಆರ್ಡರ್ ಕೈಗೆ ಬಂದ ಹಾಗೆಯೇ ಎಂದುಕೊಂಡ. ಆದರೆ ಪರೀಕ್ಷೆ ಕೆಟ್ಟರೆ ರಿಜಿಸ್ಟರಿನಲ್ಲಿ ಕಾರಣ ಬರೆಯಲೇಬೇಕು, ಲ್ಯಾಬಿನ ಮಾಲಕರು ನೋಡುತ್ತಾರೆ. ಮೇಡಂ ಬಹಳ ಹೊತ್ತು ಯೋಚಿಸಿ 'ಸಹಾಯಕನ ಅಜಾಗರೂಕತೆ' ಎಂದು ಬರೆದು, ಅವನಿಂದಲೇ ಸಹಿ ಹಾಕಿಸಿದರು.

"ಬ್ಯಾಸರ ಮಾಡ್ಕೋಬ್ಯಾಡ್ರಿ. ಪರ್ಮನೆಂಟ್ ಮಾತು ನಾ ಹೆರಿಗಿ ರಜಾ ಮುಗಿಸಿ ಬಂದ ಮ್ಯಾಲ ನೋಡೋಣು. ಈಗ ಐದರ ಬಸ್ಸಿಗೆ ಹೋಗಿ ಅದೇ ಜಾಗಾದ್ದು ಎರಡು ಡಬ್ಬಿ ಮಣ್ಣು ತರ್ರಿ."

"ಎರಡ್ಯಾಕ್ರೀ ಮೇಡಂ?"

"ಪರೀಕ್ಷಾಕ್ಕೂ ಒಂದು ಬೇಕಲ್ಲ."