ಚಿಗವ್ವನ ಮೊರ ಮತ್ತು ಒಂಬತ್ತನೇ ಬೇಡಿಕೆ

ನಮ್ಮ ಚಿಗವ್ವನ ಎದುರು ಮಾತುಕತೆಗೆ ಕೂತ ಯಾವ ಮಾಲೀಕನೂ ಇದುವರೆಗೆ ಒಂದು ಮೊರ ಅಕ್ಕಿಗಿಂತ ಹೆಚ್ಚು ಹೊತ್ತು ತಡೆದಿಲ್ಲ! ಅವಳು ಅಕ್ಕಿ ಆರಿಸಿ ಮುಗಿಸುವುದರೊಳಗೆ ಎಲ್ಲರೂ ಸಹಿ ಹಾಕಿದ್ದಾರೆ. ಹಾಗೆ ಹಾಕಿದವರಲ್ಲಿ ಕೊನೆಯವನು ನಾನು. ಭಾಗ್ಯನಗರದ ಒಂದು ಕೂದಲು ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿರುವ ನನಗೆ, ನಮ್ಮವ್ವನ ಖಾಸಾ ತಂಗಿಯ ಎದುರು ಕೂತು ನೌಕರಿ ಉಳಿಸಿಕೊಳ್ಳುವ ಪ್ರಸಂಗ ಬಂದೀತೆಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ಚಿಗವ್ವ ಕುಷ್ಟಗಿಯ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅಡುಗೆಯವರ ಸಂಘ ಹುಟ್ಟಿದ ಹೊಸದರಲ್ಲಿ, ಸಂಬಳ ತಿಂಗಳುಗಟ್ಟಲೆ ತಡವಾಗುತ್ತಿದ್ದುದರ ಬಗ್ಗೆ ಇಲಾಖೆಯ ಸಾಹೇಬರೊಬ್ಬರು ಮಾತುಕತೆಗೆ ಕರೆದರು. ಉಳಿದವರು ಮನವಿ ಪತ್ರ ಹಿಡಿದು ಹೋದರು, ಇವಳು ಮೊರ ಹಿಡಿದು ಹೋದಳು. ಮರುದಿನದ ಅಕ್ಕಿ ಆರಿಸುವುದು ಉಳಿದಿತ್ತು, ಅಷ್ಟೇ ಕಾರಣ.

"ನೀವು ಮಾತಾಡ್ರಿ ಸಾಹೇಬ್ರ. ನನ್ನ ಕೈಗೆ ಕೆಲಸ ಐತಿ, ಕಿವಿ ಖಾಲಿ ಅದಾವು" ಎಂದು ಅವರ ಮೇಜಿನ ಮೇಲೇ ಮೊರ ಇಟ್ಟಳು.

ಸಾಹೇಬರು "ನೋಡೋಣ" ಎಂದರು. ಚಿಗವ್ವ ಅಕ್ಕಿಯಿಂದ ಒಂದು ಹರಳು ಹೆಕ್ಕಿ ಅವರ ಫೈಲಿನ ಮೇಲಿಟ್ಟಳು. "ಮೇಲಿನವರಿಗೆ ಬರೆಯೋಣ" ಎಂದರು. ಇನ್ನೊಂದು ಹರಳು. "ಪರಿಶೀಲಿಸೋಣ" ಎಂದರು. ಮತ್ತೊಂದು. ಏಳೆಂಟು ಹರಳು ಬಿದ್ದ ಮೇಲೆ ಸಾಹೇಬರಿಗೆ ವಿಷಯ ಹೊಳೆಯಿತು. ಹರಳು ಬೀಳದಂಥ ಮಾತು ಹುಡುಕುತ್ತಾ ಅರ್ಧ ತಾಸು ಮೇಜಿನ ಖಾನೆ ತೆಗೆದು ಮುಚ್ಚಿದರು. ಕೊನೆಗೆ, "ಆಯ್ತಮ್ಮಾ, ಇನ್ನು ಮೇಲೆ ಪ್ರತಿ ತಿಂಗಳು ಐದಕ್ಕೇ ಸಂಬಳ" ಎಂದು ಬರೆದುಕೊಟ್ಟರು. ಚಿಗವ್ವ ಹರಳುಗಳನ್ನೆಲ್ಲ ಬಳಿದುಕೊಂಡು, ಸಾಹೇಬರ ಮೇಜನ್ನು ಸೆರಗಿನಿಂದ ಒರೆಸಿ ಎದ್ದು ಬಂದಳು. ಸ್ವಚ್ಛತೆಯ ವಿಷಯದಲ್ಲಿ ಅವಳದು ಬಹಳ ಕಟ್ಟುನಿಟ್ಟು.

ಸುದ್ದಿ ಗಂಗಾವತಿಗೆ ಮುಟ್ಟಿತು. ಅಲ್ಲಿನ ಒಂದು ಅಕ್ಕಿ ಗಿರಣಿಯ ಹಮಾಲರು ಚೀಲದ ತೂಕ ಇಳಿಸಿರೆಂದು ಕೇಳಿ ಕೇಳಿ ಸೋತಿದ್ದರು. ಇವಳನ್ನು ಕರೆಸಿದರು. ಗಿರಣಿಯ ಧಣಿ ಹುಷಾರು ಮನುಷ್ಯ. "ಅಮ್ಮಾ, ನಮ್ಮ ಮಷೀನಿನ ಅಕ್ಕಿ ಇದು. ಒಂದ ಒಂದು ಹರಳು ತೋರಿಸ್ರಿ, ಕೇಳಿದ್ದು ಕೊಡ್ತೀನಿ" ಎಂದು ತನ್ನದೇ ಅಕ್ಕಿಯನ್ನು ಮೊರಕ್ಕೆ ಸುರಿಸಿದ. ಚಿಗವ್ವ ಕೊನೆಯ ಕಾಳಿನವರೆಗೂ ಆರಿಸಿದಳು. ಒಂದೂ ಹರಳಿಲ್ಲ! ಹಮಾಲರ ಮುಖ ಸಣ್ಣಗಾಯಿತು.

"ಧಣ್ಯಾರ, ನಿಮ್ಮ ಮಷೀನು ಭಾಳ ಛಲೋ ಐತಿ" ಎಂದಳು ಚಿಗವ್ವ. "ಅದು ಕಾದು ಬಿಸಿ ಆದ್ರ ಏನ್ ಮಾಡ್ತೀರಿ?"

"ಬಂದ್ ಮಾಡಿ ಆರಾಕ ಬಿಡ್ತೀವಿ."

"ಹಮಾಲರನ್ನ?"

ಧಣಿ ಹಮಾಲರತ್ತ ತಿರುಗಿ ನೋಡುತ್ತಿದ್ದಂತೆ ಅವಳು ಅದೇ ಅಕ್ಕಿಯನ್ನು ಮತ್ತೆ ಮೊದಲಿನಿಂದ ಆರಿಸತೊಡಗಿದಳು. ಊಟದ ಹೊತ್ತಿಗೆ ಚೀಲದ ತೂಕ ಇಳಿಯಿತು. ಇದನ್ನೂ ನಾನು ಒಂದೇ ಮೊರ ಎಂದು ಹಿಡಿದಿದ್ದೇನೆ. ಅಕ್ಕಿ ಅದೇ ತಾನೆ?

ಯಲಬುರ್ಗಾದಲ್ಲಿ ಮಾತ್ರ ಪೇಚಾಯಿತು. ಅಲ್ಲಿನ ಆಟೋ ಚಾಲಕರು ಸಂಘ ಕಟ್ಟಿಕೊಂಡು ಇವಳನ್ನು ಕರೆದಿದ್ದರು. ಹೋಗಿ ನೋಡಿದರೆ ಎಲ್ಲರದೂ ಸ್ವಂತ ಆಟೋ! ಮಾಲೀಕನೇ ಇಲ್ಲದ ಮೇಲೆ ಕೇಳುವುದು ಯಾರನ್ನು? ಬಂದ ಬಸ್ ಚಾರ್ಜು ದಂಡವಾಗಬಾರದೆಂದು ಚಿಗವ್ವ ಅರ್ಧ ಜನರನ್ನು ಎದುರು ಸಾಲಿಗೆ ಕೂರಿಸಿ, "ಇವತ್ತಿಗೆ ನೀವು ಮಾಲೀಕರು" ಎಂದಳು. ಹತ್ತೇ ನಿಮಿಷದಲ್ಲಿ ಅವರು "ನೋಡೋಣ" ಎನ್ನಲು ಶುರುಮಾಡಿದರಂತೆ.

ಇನ್ನು ನನ್ನ ಸರದಿ. ನಮ್ಮಲ್ಲಿ ನಲವತ್ತು ಹೆಂಗಸರು ದಿನವಿಡೀ ನೆಲದ ಮೇಲೆ ಸಾಲಾಗಿ ಕೂತು ಕೂದಲಿನ ಸಿಕ್ಕು ಬಿಡಿಸುತ್ತಾರೆ. ತೀರಿಕೊಂಡ ನಮ್ಮವ್ವನೂ ಇಂಥದ್ದೇ ಒಂದು ಕೋಣೆಯಲ್ಲಿ ಕೂತು, ಇದೇ ಕೆಲಸ ಮಾಡಿ ನನ್ನನ್ನು ಓದಿಸಿದವಳು. ಈ ಹೆಂಗಸರು ಹೋದ ತಿಂಗಳು ಒಂಬತ್ತು ಬೇಡಿಕೆ ಬರೆದುಕೊಟ್ಟು, ತಮ್ಮ ಪರವಾಗಿ ಮಾತಾಡಲು ಚಿಗವ್ವನನ್ನು ಕರೆಸಿದರು. ಒಂಬತ್ತನೆಯದು ಇಷ್ಟೇ: ಕೂರುವ ಪ್ರತಿ ಸಾಲಿನ ಹಿಂದೆ ಬೆನ್ನಿಗೆ ಆನಿಸಿಕೊಳ್ಳಲು ಒಂದು ಹಲಗೆ.

ನಮ್ಮ ಮಾಲೀಕರು ಪಟ್ಟಿ ಓದಿ, "ಎಂಟರಾಗ ಹೆಚ್ಚುಕಮ್ಮಿ ಮಾಡ್ಕೊಂಡು ಮುಗಸ್ರಿ. ಒಂಬತ್ತನೇದು ಮಾತ್ರ ಆಗಂಗಿಲ್ಲ. ಬೆನ್ನು ಆನಿದ್ರ ನಿದ್ದಿ ಬರ್ತೈತಿ. ಅದಕ್ಕ ನೀವು ಸಹಿ ಹಾಕಿದ್ರ, ಬ್ಯಾರೆ ಕಡೆ ಕೆಲಸ ಹುಡಿಕ್ಯೋರಿ" ಎಂದರು.

ಚಿಗವ್ವ ಬಂದಳು, ಮೊರದ ಸಮೇತ. ಹಿಂದಿನ ದಿನ ನಮ್ಮ ಮನೆಗೆ ಬಂದಾಗ "ಲೇ, ತಲಿ ಬಾಚ್ಕೋ" ಎಂದಿದ್ದವಳು, ಇಲ್ಲಿ ನನ್ನನ್ನು "ಮ್ಯಾನೇಜರ್ ಸಾಹೇಬ್ರ" ಎಂದಳು! ನನ್ನ ಅರ್ಧ ಧೈರ್ಯ ಅಲ್ಲಿಗೇ ಹೋಯಿತು. "ನೋಡೋಣ್ರಿ" ಎಂದೆ. ನನ್ನ ಮೇಜಿನ ಮೇಲೆ ಹರಳು ಬಿತ್ತು. ಆಮೇಲೆ ಸಾವಕಾಶವಾಗಿ ಒಂದೊಂದೇ ಬೀಳುತ್ತಲೇ ಇದ್ದವು. ಮುಖಕ್ಕೆ ಕಟ್ಟುವ ಬಟ್ಟೆ, ಕುಡಿಯುವ ನೀರು, ಶೌಚಾಲಯದ ಚಿಲಕ, ಹೀಗೆ ಐದಕ್ಕೆ ಒಪ್ಪಿದೆ. ಕೂಲಿ ಅವರು ಕೇಳಿದ್ದರ ಅರ್ಧಕ್ಕೆ ನಿಂತಿತು. ಎರಡು ಬೇಡಿಕೆ ಅವಳೇ ಕೈಬಿಟ್ಟಳು. ಉಳಿದದ್ದು ಒಂಬತ್ತನೆಯದು.

"ಅದೊಂದು ಆಗಂಗಿಲ್ರಿ" ಎಂದೆ. "ಬೆನ್ನು ಆನಿದ್ರ ನಿದ್ದಿ ಬರ್ತೈತ್ರಿ."

ಹರಳು ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಅಕ್ಕಿಯಲ್ಲಿ ಆಡುತ್ತಿದ್ದ ಅವಳ ಕೈ ನಿಂತಿತ್ತು. ಇಷ್ಟು ವರ್ಷಗಳಲ್ಲಿ ನಾನು ಅದು ನಿಂತದ್ದನ್ನು ಕಂಡಿರಲಿಲ್ಲ.

"ಲೇ ತಮ್ಮಾ" ಎಂದಳು, ಸಾಹೇಬ್ರನ್ನು ಬಿಟ್ಟು. "ನೀನು ಸಾಲಿಯಿಂದ ಬಂದ ಕೂಡ್ಲೆ ಅಕ್ಕ ಏನಂತಿದ್ಲು?"

ನನಗೆ ನೆನಪಿತ್ತು. ನಾನು ಪಾಟಿಚೀಲ ಹಿಡಿದು ಅವ್ವ ಕೆಲಸ ಮಾಡುವ ಕೋಣೆಗೇ ಓಡುತ್ತಿದ್ದೆ. ಅವ್ವ ತಿರುಗಿಯೂ ನೋಡದೆ, "ಬಂದೇನ? ಒಂದೀಟು ಬೆನ್ನು ಕೊಡು ಮಗನ" ಎನ್ನುತ್ತಿದ್ದಳು. ನಾನು ಅವಳ ಬೆನ್ನಿಗೆ ಬೆನ್ನು ಹಚ್ಚಿ ಕೂತು ಮಗ್ಗಿ ಹೇಳುತ್ತಿದ್ದೆ. ಅದೊಂದು ಆಟವೆಂದೇ ತಿಳಿದಿದ್ದೆ. ಅವಳೇ ನನಗೆ ಆಸರೆ ಕೊಟ್ಟಿದ್ದಾಳೆಂದು ಎಷ್ಟೋ ವರ್ಷ ನಂಬಿದ್ದೆ.

"ಅಕ್ಕಗ ನೀನಿದ್ದಿ" ಎಂದಳು ಚಿಗವ್ವ. "ಈ ನಲವತ್ತು ಮಂದಿಗೆ ದಿನಾ ಬೆನ್ನು ಕೊಡೋ ಮಗನ್ನ ಎಲ್ಲಿಂದ ತರ್ಲಿ? ಅದಕ್ಕ ಹಲಗಿ ಕೇಳಾಕತ್ತೀನಿ."

ನಾನು ಸಹಿ ಹಾಕಿದೆ. ಮೊರದಲ್ಲಿ ಇನ್ನೂ ಅರ್ಧ ಅಕ್ಕಿ ಉಳಿದಿತ್ತು.

ಮಾಲೀಕರು ಎರಡು ದಿನ ನನ್ನ ಜತೆ ಮಾತು ಬಿಟ್ಟರು. ಮೂರನೆಯ ದಿನ ಬಡಿಗನನ್ನು ಕಳಿಸಿದರು. ನೌಕರಿ ಹೇಗೋ ಉಳಿಯಿತು. ಹಲಗೆಗೆ ಆನಿ ಇದುವರೆಗೆ ನಿದ್ದೆ ಹೋದವನು ನಾನೊಬ್ಬನೇ, ಅದೂ ಪರೀಕ್ಷೆಗೆಂದು ಕೂತಾಗ.

ಆವತ್ತು ಸಹಿ ಮುಗಿದ ಮೇಲೆ ಚಿಗವ್ವ ಎಂದಿನಂತೆ ಹರಳು ಬಳಿದುಕೊಂಡು ನನ್ನ ಮೇಜು ಒರೆಸಿದಳು. ಮೊರ ಕಂಕುಳಿಗೆ ಸೇರಿಸಿ ಬಾಗಿಲ ತನಕ ಹೋದವಳು ಹಿಂತಿರುಗಿ ಬಂದು, ನನ್ನ ಬೆನ್ನ ಮೇಲೆ ಕೈಯಾಡಿಸಿದಳು.

"ಎಷ್ಟು ಅಗಲ ಆಗೈತೋ ತಮ್ಮಾ" ಎಂದಳು. "ಅಕ್ಕ ಇರಬೇಕಾಗಿತ್ತು."