ಹೂಂಗುಟ್ಟಪ್ಪನ ಸಂವಹನ

ಐದು ನಿಮಿಷ ಮಾತಾಡಬೇಕು ಎಂಬ ಒಂದೇ ಕಾರಣಕ್ಕೆ ನಡುವಯಸ್ಸಿನ ಗಂಡಸೊಬ್ಬ ಬೆಳಗ್ಗೆ ಎದ್ದು ಬಚ್ಚಲಿನ ಬಾಗಿಲು ಹಾಕಿಕೊಂಡು ಬಕೆಟ್ಟನ್ನು ಉದ್ದೇಶಿಸಿ ‘ಮಾನ್ಯ ಸಭಿಕರೇ’ ಎನ್ನುತ್ತಾನೆಂದರೆ ಮನೆಯವರು ಗಾಬರಿಯಾಗದೆ ಇರುತ್ತಾರೆಯೇ? ಹೆಂಡತಿ ಬಾಗಿಲು ಬಡಿದು, ಒಳಗೆ ಯಾರ ಜೊತೆ ಮಾತು ಎಂದು ಕೇಳಿದಳು. ಬಕೆಟ್ಟಿನ ಜೊತೆ ಎನ್ನಲು ನಾಚಿಕೆಯಾಗಿ ಅವನು ‘ಹೂಂ’ ಎಂದ.

ಈ ‘ಹೂಂ’ ಅವನ ಜೀವಮಾನದ ಗಳಿಕೆ. ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂತು ಕೂತು ಅದನ್ನು ಹದಕ್ಕೆ ತಂದಿದ್ದ. ಒಡೆದ ಪೈಪು, ಒಣಗಿದ ನಲ್ಲಿ, ಕೆಸರು ನೀರು ಎಂದು ಜನ ಕೆಂಡ ಕಾರುತ್ತ ಬರುತ್ತಿದ್ದರು. ಇವನು ತಲೆಯನ್ನು ಒಂದಿಷ್ಟು ವಾಲಿಸಿ, ಹುಬ್ಬು ಗಂಟಿಕ್ಕಿ, ಸರಿಯಾದ ಜಾಗದಲ್ಲಿ ಒಂದೊಂದು ‘ಹೂಂ’ ಹಾಕುತ್ತಿದ್ದ. ಪಾಪ, ಎಷ್ಟು ಮನಸ್ಸಿಟ್ಟು ಕೇಳುತ್ತಾರೆ ಎನಿಸಿ ಬಂದವರ ಅರ್ಧ ಸಿಟ್ಟು ಅಲ್ಲೇ ಇಳಿದುಹೋಗುತ್ತಿತ್ತು. ಅವನ ಕಿವಿಗೆ ಮಾತ್ರ ಒಂದಕ್ಷರವೂ ಇಳಿಯುತ್ತಿರಲಿಲ್ಲ. ಅಷ್ಟು ಹೊತ್ತೂ ಅವನು ಫ್ಯಾನಿನ ರೆಕ್ಕೆಯ ಮೇಲಿನ ಧೂಳನ್ನೋ ಊಟದ ಡಬ್ಬಿಯೊಳಗಿನದನ್ನೋ ಧ್ಯಾನಿಸುತ್ತಿದ್ದ. ಕಚೇರಿಯವರು ಅವನಿಗೆ ಹೂಂಗುಟ್ಟಪ್ಪ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಆದರೆ ಹೂಂಗುಟ್ಟುವವನಿಗೂ ಸಾಕಾಗುತ್ತದೆ. ಕಚೇರಿಯ ಹಿಂಭಾಗದಲ್ಲಿ ಹಳೆಯ ಕಡತಗಳ ಕೋಣೆಯೊಂದಿತ್ತು. ಒಂದು ಕಿಟಕಿ, ಒಂದು ಕುರ್ಚಿ, ಮನುಷ್ಯರ ಸುಳಿವಿಲ್ಲ. ಅಲ್ಲಿದ್ದ ಮುದುಕ ನಿವೃತ್ತನಾಗುತ್ತಿದ್ದಾನೆಂದು ತಿಳಿದದ್ದೇ ತಡ, ಹೂಂಗುಟ್ಟಪ್ಪ ಸಾಹೇಬರ ಮುಂದೆ ಹೋಗಿ ನಿಂತ. ಸಾಹೇಬರು ಯೋಚಿಸಿ, ಸಂಜೆ ಕಾಲೇಜಿನಲ್ಲಿ ‘ಸಂಸ್ಕೃತಿ ಮತ್ತು ಸಂವಹನ’ ಎಂಬ ಕೋರ್ಸಿದೆ, ನಮ್ಮ ಇಲಾಖೆಯಿಂದ ಒಬ್ಬರಾದರೂ ಪಾಸಾಗಲೇಬೇಕೆಂದು ಮೇಲಿನವರ ಆದೇಶ ಬಂದಿದೆ, ಅದನ್ನು ಮುಗಿಸಿಕೊಂಡು ಬಂದರೆ ಕೋಣೆ ನಿನ್ನದೇ ಎಂದರು. ಜನರ ಜೊತೆ ಮಾತಾಡುವುದನ್ನು ಕಲಿತರೆ ಜನರೇ ಇಲ್ಲದ ಜಾಗ ಸಿಗುತ್ತದೆ. ಸರ್ಕಾರಿ ಲೆಕ್ಕಾಚಾರವೇ ಹಾಗೆ.

ಕೋರ್ಸಿನ ಕೊನೆಯ ಪರೀಕ್ಷೆ ಅಂದು ಸಂಜೆ. ನಾಲ್ಕು ಜನರ ಗುಂಪು ವೇದಿಕೆ ಹತ್ತಿ ಪ್ರೆಸೆಂಟೇಷನ್ ಕೊಡಬೇಕು. ಅದಾದ ಮೇಲೆ ಒಬ್ಬೊಬ್ಬರೂ ನಿಂತು, ಈ ಕೆಲಸದಿಂದ ತಾನೇನು ಕಲಿತೆ ಎಂದು ಆತ್ಮಾವಲೋಕನ ಮಾಡಿಕೊಳ್ಳಬೇಕು. ಗುಂಪಿಗೆಲ್ಲ ಒಂದೇ ಅಂಕ. ಒಬ್ಬ ಎಡವಿದರೆ ನಾಲ್ಕೂ ಜನ ಮುಗ್ಗರಿಸಿದಂತೆ. ಹೂಂಗುಟ್ಟಪ್ಪನ ಗುಂಪಿನಲ್ಲಿ ಒಬ್ಬಳು ನರ್ಸು, ಒಬ್ಬ ಮೊಬೈಲ್ ಅಂಗಡಿಯ ಸೇಲ್ಸ್‌ಮನ್, ಇನ್ನೊಬ್ಬ ಜಿಮ್ಮಿನ ತರಬೇತುದಾರ. ಮೂವರೂ ಅವನ ಮಕ್ಕಳ ವಯಸ್ಸಿನವರು. ‘ಅಂಕಲ್, ನೀವು ಕೊನೇಲಿ ಐದು ನಿಮಿಷ ಕೇಳಿಸಿಕೊಳ್ಳೋದರ ಬಗ್ಗೆ ಮಾತಾಡಿ ಸಾಕು’ ಎಂದಿದ್ದರು.

ಬಚ್ಚಲಿನಿಂದ ಹೊರಬಂದವನನ್ನು ಹೆಂಡತಿ ಅಡುಗೆಮನೆಯಲ್ಲಿ ನಿಲ್ಲಿಸಿ ಪೂರ್ತಿ ಭಾಷಣ ಒಪ್ಪಿಸಿಕೊಂಡಳು. ಸತ್ತವರ ಗುಣಗಾನದ ಹಾಗಿದೆ, ಸ್ವಲ್ಪ ನಗಿ ಎಂದಳು. ಹಲ್ಲು ಕಿರಿದು ತೋರಿಸಿದ. ಬೇಡ, ಮೊದಲಿನದೇ ವಾಸಿ ಎಂದಳು. ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಕರೆಯದೆಯೇ ಒಳಗೆ ಬಂದರು. ದನಿ ಗಂಟಲಿನಿಂದ ಬರಬಾರದು, ಹೊಟ್ಟೆಯಿಂದ ಬರಬೇಕು ಎಂದು ಅವನ ಹೊಟ್ಟೆಯ ಮೇಲೆ ಅಂಗೈಯಿಟ್ಟು ಒತ್ತಿದರು. ಆಗಷ್ಟೇ ಕುಡಿದಿದ್ದ ಕಾಫಿ ದನಿಗಿಂತ ಮೊದಲು ಬರುವಂತಾಯಿತು.

ಕಚೇರಿಯಲ್ಲಿ ಪಕ್ಕದ ಕೌಂಟರಿನ ಕ್ಯಾಷಿಯರ್ ಅಕ್ಕ ತನ್ನ ಪಾಲಿನ ಉಪಕಾರ ಮಾಡಿದಳು. ಕೈ ಆಡಿಸದೆ ಮಾತಾಡಿದರೆ ಯಾರೂ ನಂಬುವುದಿಲ್ಲವಂತೆ. ಎದೆಯ ಮೇಲೆ ಕೈಯಿಡುವುದು, ಆಮೇಲೆ ಎರಡೂ ತೋಳು ಅಗಲಿಸುವುದು, ಹೀಗೆ ನಾಲ್ಕಾರು ವರಸೆ ಹೇಳಿಕೊಟ್ಟಳು. ಬೆಳಗಿನಿಂದ ದೂರು ಹೊತ್ತು ಬಂದವರ ಮೇಲೆಲ್ಲ ಹೂಂಗುಟ್ಟಪ್ಪ ಅವುಗಳ ಪ್ರಯೋಗ ನಡೆಸಿದ. ನಲ್ಲಿಯಲ್ಲಿ ನೀರಿಲ್ಲ ಎಂದವರಿಗೆ ಎದೆಯ ಮೇಲೆ ಕೈ. ಯಾವಾಗ ಬರುತ್ತದೆ ಎಂದವರಿಗೆ ಅಗಲವಾದ ಎರಡು ತೋಳು. ಕೆಲವರು ತಬ್ಬಿಕೊಳ್ಳಲು ಬಂದನೇನೋ ಎಂದು ಹಿಂದೆ ಸರಿದರು.

ಸಂಜೆ ವೇದಿಕೆ ಹತ್ತುವ ಹೊತ್ತಿಗೆ ಅವನ ತೋಳು ಸೋತು, ಹೊಟ್ಟೆ ನೊಂದು, ಭಾಷಣ ಮರೆತುಹೋಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ಅದಕ್ಕಿಂತ ದೊಡ್ಡ ಅನಾಹುತ ಆಗಲೇ ಶುರುವಾಗಿತ್ತು. ನರ್ಸು ‘ಸಂವಹನ ಎಂದರೇನು’ ಎಂದು ಪೀಠಿಕೆ ಹಾಕಿ ಕೂತಳು. ಸೇಲ್ಸ್‌ಮನ್ ಎದ್ದು ‘ಸಂವಹನ ಎಂದರೇನು’ ಎಂದ. ಜಿಮ್ಮಿನವನೂ ಎದ್ದು ಅದನ್ನೇ ಕೇಳಿದ. ಮೂವರೂ ಪೀಠಿಕೆಯನ್ನೇ ಬರೆದುಕೊಂಡು ಬಂದಿದ್ದರು. ಮುಂದಿನದನ್ನು ಉಳಿದವರು ನೋಡಿಕೊಳ್ಳುತ್ತಾರೆ ಎಂದು ಒಬ್ಬೊಬ್ಬರೂ ನಂಬಿದ್ದರು. ಸಂವಹನದ ಬಗ್ಗೆ ಪ್ರೆಸೆಂಟೇಷನ್ ಕೊಡಲು ಬಂದ ಗುಂಪು ಒಬ್ಬರನ್ನೊಬ್ಬರು ಒಂದು ಮಾತು ಕೇಳಿಕೊಂಡಿರಲಿಲ್ಲ.

ವೇದಿಕೆಯ ಮೇಲೆಯೇ ಜಗಳ ಹತ್ತಿಕೊಂಡಿತು. ನೀನು ಹೇಳಬೇಕಿತ್ತು ಎಂದು ಇವಳು, ನೀನು ಕೇಳಬೇಕಿತ್ತು ಎಂದು ಅವನು. ಜಿಮ್ಮಿನವನಂತೂ ಅಂಗಿಯ ತೋಳು ಮಡಿಸಿಕೊಂಡ. ಮುಂದಿನ ಸಾಲಿನಲ್ಲಿ ಕೂತಿದ್ದ ಪಾಠ ಹೇಳುವ ಮೇಡಂ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಹೂಂಗುಟ್ಟಪ್ಪನ ಕಣ್ಣೆದುರಿಗೆ ಕಡತದ ಕೋಣೆಯ ಕಿಟಕಿ ಮೆಲ್ಲನೆ ಮುಚ್ಚಿಕೊಂಡಿತು.

ಆಮೇಲೆ ನಡೆದದ್ದಕ್ಕೆ ಅವನ ಬುದ್ಧಿ ಕಾರಣವಲ್ಲ, ಮೈಗೆ ಅಂಟಿದ ಅಭ್ಯಾಸ. ಮೂರು ಜನ ಒಟ್ಟಿಗೆ ಕೂಗಾಡುವುದು ಕಿವಿಗೆ ಬಿದ್ದದ್ದೇ ಅವನು ಮೇಜನ್ನು ಮುಂದಕ್ಕೆಳೆದು ಅದರ ಹಿಂದೆ ಕೂತ.

“ಸಾಲಾಗಿ ಬನ್ನಿ, ಒಬ್ಬೊಬ್ಬರಾಗಿ ಹೇಳಿ.”

ಆ ದನಿಯಲ್ಲಿ ಅದೇನಿತ್ತೋ, ಮೂವರೂ ಸಾಲಾಗಿ ನಿಂತರು. ನರ್ಸು ಹೇಳಿಕೊಂಡಳು, ಅವನು ಹೂಂ ಎಂದ. ಸೇಲ್ಸ್‌ಮನ್ ಹೇಳಿಕೊಂಡ, ಹೂಂ. ಜಿಮ್ಮಿನವನು ತನ್ನನ್ನು ಗುಂಪಿನಲ್ಲಿ ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಎಂದು ಗೊಳೋ ಎಂದ. ಅವನಿಗೆ ಎರಡು ಹೂಂ. ಸ್ವಲ್ಪ ಹೊತ್ತಿನಲ್ಲಿ ಮೂವರೂ ಒಬ್ಬರಿಗೊಬ್ಬರು ತಪ್ಪಾಯ್ತು ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ತರಗತಿ ಚಪ್ಪಾಳೆ ತಟ್ಟಿತು. ಜಗಳವೂ ಸಂಧಾನವೂ ಮೊದಲೇ ಹೊಂದಿಸಿಕೊಂಡು ಬಂದ ನಾಟಕವೆಂದೇ ಎಲ್ಲರೂ ತಿಳಿದರು. ಮೇಡಂ ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

ಆತ್ಮಾವಲೋಕನದ ಸರದಿ ಬಂದಾಗ ಹೂಂಗುಟ್ಟಪ್ಪ ನೆಲದಿಂದ ಒಂದು ಗೇಣು ಮೇಲಿದ್ದ. ಗೆದ್ದವನ ನಾಲಿಗೆಗೆ ಲಗಾಮು ಎಲ್ಲಿಯದು? ಕೇಳಿಸಿಕೊಳ್ಳುವುದೇ ಎಲ್ಲ ಸಂಸ್ಕೃತಿಯ ತಾಯಿಬೇರು ಎಂದ. ಎದುರಿಗೆ ಬಂದವರ ಒಂದೊಂದು ಮಾತೂ ತನ್ನ ಎದೆಯಲ್ಲಿ ಉಳಿಯುತ್ತದೆ ಎಂದ. ಒಮ್ಮೆ ನೋಡಿದ ಮುಖವನ್ನು ತಾನು ಮರೆತದ್ದೇ ಇಲ್ಲ ಎಂದು, ಎದೆಯ ಮೇಲೆ ಕೈಯನ್ನೂ ಇಟ್ಟುಕೊಂಡ.

ಮೇಡಂ ಕನ್ನಡಕ ತೆಗೆದು ಕೇಳಿದರು. “ನನ್ನ ಮುಖ ಕೊನೇ ಸಲ ಯಾವಾಗ ನೋಡಿದ್ರಿ?”

“ಹೋದ ವಾರ, ಇಲ್ಲೇ ತರಗತೀಲಿ ಮೇಡಂ.”

“ಇವತ್ತು ಬೆಳಗ್ಗೆ ನಿಮ್ಮ ಕೌಂಟರಿನಲ್ಲಿ. ಹೋದ ವಾರನೂ ಬಂದಿದ್ದೆ, ಹೋದ ತಿಂಗಳೂ ಬಂದಿದ್ದೆ. ನಮ್ಮ ಬೀದಿ ನಲ್ಲಿ ಒಣಗಿ ಕೂತಿದೆ. ಇವತ್ತು ನೀವು ಎರಡೂ ತೋಳು ಅಗಲಿಸಿದ್ರಿ.”

ಮುಗಿಯಿತು, ಇನ್ನು ಫೇಲು, ಕೋಣೆ ಹೋಯಿತು, ಈ ಮಕ್ಕಳ ಅಂಕವನ್ನೂ ಮುಳುಗಿಸಿದೆ ಎಂದು ಹೂಂಗುಟ್ಟಪ್ಪನಿಗೆ ನಿಜಕ್ಕೂ ಅಳು ಬಂತು. ತಲೆ ತಗ್ಗಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ತಾನು ಯಾರ ಮುಖವನ್ನೂ ನೋಡುವುದಿಲ್ಲ, ಯಾರ ಮಾತನ್ನೂ ಕೇಳುವುದಿಲ್ಲ, ಈಗ ವೇದಿಕೆಯ ಮೇಲೆ ಈ ಮೂವರು ಏನು ಹೇಳಿಕೊಂಡರೆಂಬುದೂ ಗೊತ್ತಿಲ್ಲ ಎಂದ. ಮೂವರೂ ಬಾಯಿಬಿಟ್ಟು ಅವನನ್ನೇ ನೋಡಿದರು.

ಮೇಡಂ ನಕ್ಕುಬಿಟ್ಟರು. ಈ ವರ್ಷ ತಾನು ಕೇಳಿದ ಆತ್ಮಾವಲೋಕನಗಳಲ್ಲಿ ನಿಜವಾದದ್ದು ಇದೊಂದೇ ಎಂದು, ಗುಂಪಿಗೆ ಎಲ್ಲರಿಗಿಂತ ಹೆಚ್ಚಿನ ಅಂಕ ಹಾಕಿದರು. ಫಲಿತಾಂಶ ತಿಳಿದ ಕೂಡಲೇ ಹೇಳಿ ಎಂದಿದ್ದ ಅವನ ಸಾಹೇಬರಿಗೆ ಅಲ್ಲಿಂದಲೇ ಫೋನು ಮಾಡಿ, ಸ್ಪೀಕರಿಗೆ ಹಾಕಿ ಅವನ ಕೈಗೆ ಕೊಟ್ಟರು.

ಸಾಹೇಬರು ಮಾತು ಶುರುಮಾಡಿದರೆ ಬೇಗ ಮುಗಿಸುವವರಲ್ಲ. ಇಲಾಖೆಯ ಗೌರವದಿಂದ ಆರಂಭಿಸಿದರು. ಹೂಂಗುಟ್ಟಪ್ಪನಿಗೆ ಆಗಲೇ ಕಡತದ ಕೋಣೆಯ ಕಿಟಕಿ ಕಾಣುತ್ತಿತ್ತು. ಕುರ್ಚಿಯನ್ನು ಕಿಟಕಿಯ ಪಕ್ಕ ಹಾಕಿಕೊಳ್ಳುವುದೋ, ಬಿಸಿಲು ಬೀಳುತ್ತದೆಂದು ಗೋಡೆಗೆ ಸರಿಸುವುದೋ ಎಂದು ಯೋಚಿಸುತ್ತ ಅವನು ಸರಿಯಾದ ಜಾಗದಲ್ಲಿ ಒಂದೊಂದು ಹೂಂ ಹಾಕಿದ. ಕೊನೆಯ ಹೂಂ ಬಹಳ ಚೆನ್ನಾಗಿ ಬಂತು. ಫೋನು ಕೆಳಗಿಟ್ಟು ನೋಡಿದರೆ ತರಗತಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

“ಸಾಹೇಬರು ಏನಂದರು, ಕೇಳಿಸ್ತಾ?” ಎಂದರು ಮೇಡಂ.

“ಕೋಣೆ ಕೊಟ್ಟರಲ್ಲ ಮೇಡಂ?”

“ಕೋಣೆ ಸಿದ್ಧ ಇದೆ, ಬೇಕಾದರೆ ಈಗಲೇ ಬೇಕು ಅಂತ ಹೇಳು ಅಂದರು. ಇಷ್ಟು ಒಳ್ಳೆ ಅಂಕ ತಗೊಂಡವನು ಜನರ ಜೊತೆನೇ ಇರಬೇಕು ಅನ್ನೋದು ಅವರ ಆಸೆಯಂತೆ. ನಿವೃತ್ತಿ ತನಕ ನಿನ್ನ ಕೌಂಟರ್ ಜೊತೆಗೆ ಒಳಚರಂಡಿ ದೂರಿನ ಕೌಂಟರನ್ನೂ ನೀನೇ ನೋಡ್ಕೋ, ಕೋಣೆನ ಆ ಕ್ಯಾಷಿಯರಮ್ಮನಿಗೆ ಕೊಡ್ತೀನಿ, ಒಪ್ಪಿಗೆ ತಾನೆ ಅಂತ ಎರಡು ಸಲ ಕೇಳಿದರು. ಎರಡು ಸಲನೂ ನೀವು ಹೂಂ ಅಂದ್ರಿ.”

ಹೂಂಗುಟ್ಟಪ್ಪ ಫೋನಿಗೆ ಕೈಚಾಚಿದ. ಅದು ಆಗಲೇ ಮೇಡಂ ಅವರ ಚೀಲ ಸೇರಿತ್ತು. ಅವರು ಎದ್ದು ನಿಂತು, ನಾಳೆ ಬಾಗಿಲು ತೆಗೆಯುವ ಹೊತ್ತಿಗೆ ತಮ್ಮ ಬೀದಿಯವರನ್ನೆಲ್ಲ ಕರೆದುಕೊಂಡು ಕೌಂಟರಿಗೆ ಬರುತ್ತೇನೆ ಎಂದರು. ಈ ಸಲ ಅವನಿಗೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು.